ಕೋಪಗ್ರಹ

ಕ್ಯಾನಿಂಗ್ಟನ್, ಪರ್ತ್
24 ಫೆಬ್ರವರಿ 1980

ಅಪ್ಪನವರಿಗೆ,

ಉಭಯಕುಶಲೋಪರಿ ಈ ಸಲ ಇಲ್ಲ. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ಅದನ್ನು ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಎಂದಿನ ಹಾಗೆ 'ನಾವೆಲ್ಲ ಆರೋಗ್ಯ, ಬಿಸಿಲು ಜಾಸ್ತಿ' ಎಂದು ಗೀಚಿ ಕವರಿಗೆ ಅಂಟು ಹಚ್ಚಿಬಿಡುತ್ತೇನೆ.

ಕ್ರಿಸ್‌ಮಸ್ ರಜೆಗೆ ನೀವು ಬ್ರಿಸ್ಬೇನಿನ ಚಂದ್ರಣ್ಣನ ಮನೆಯಿಂದ ಇಲ್ಲಿಗೆ ಬಂದು ಒಂದು ತಿಂಗಳು ಇದ್ದಿರಿ. ಸಂತೋಷ. ಇಂದಿರಾಳನ್ನು ಈಜು ಕಲಿಯಲು ಕರೆದುಕೊಂಡು ಹೋಗುವ ಕೆಲಸವನ್ನು ನೀವೇ ಕೇಳಿ ಹಚ್ಚಿಕೊಂಡಿರಿ. ಒಂದು ದಿನ ಅವಳು ಡೈವಿಂಗ್ ಬೋರ್ಡಿನ ಏಣಿ ಹತ್ತಿ, ಹಲಗೆಯ ತುದಿಗೆ ಹೋಗಿ, ಕೆಳಗೆ ನೀರು ನೋಡಿ ಹೆದರಿ, ಅದೇ ಏಣಿಯಲ್ಲಿ ಇಳಿದು ಬಂದಳು. ಎಂಟು ವರ್ಷದ ಮಗು. ಆಗ ನೀವು ಬೇರೆ ಮಕ್ಕಳು, ಅವರ ತಾಯಂದಿರು, ಈಜು ಕಲಿಸುವವನು, ಎಲ್ಲರ ಎದುರಿಗೆ ಚಪ್ಪಾಳೆ ತಟ್ಟಿ ಕೂಗಿದಿರಿ: "ವ್ಯಾನ್‌ಗಾರ್ಡ್ ನಂಬರ್ ಟೂ!"

ಇದು ನನಗೆ ಆಗ ಗೊತ್ತಾಗಲಿಲ್ಲ, ಯಾಕೆಂದರೆ ಇಂದಿರಾ ಕುಣಿಯುತ್ತಾ ಮನೆಗೆ ಬಂದಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ಎಲ್ಲರಿಗಿಂತ ಮುಂದೆ ನಡೆಯುವವರು ಎಂದು ಅರ್ಥ. ಅವಳ ಬಾಯಲ್ಲಿರುವುದು ಇಂಗ್ಲಿಷೇ. ತಾತ ತನಗೊಂದು ಬಿರುದು ಕೊಟ್ಟರು ಎಂದುಕೊಂಡಳು. ಶಾಲೆಯ ಟೋಪಿಯ ಒಳಗೆ, ಊಟದ ಡಬ್ಬಿಯ ಮುಚ್ಚಳದ ಮೇಲೆ, ದಪ್ಪ ಪೆನ್ನಿನಲ್ಲಿ 'ವ್ಯಾನ್‌ಗಾರ್ಡ್ 2' ಎಂದು ಬರೆದುಕೊಂಡಳು.

ಹೋದ ವರ್ಷ ಸ್ಕೈಲ್ಯಾಬ್ ನಮ್ಮ ಈ ಪಶ್ಚಿಮದ ಕಡೆ ಚೂರುಚೂರಾಗಿ ಬಿದ್ದಾಗಿನಿಂದ ಇಲ್ಲಿಯ ಮಕ್ಕಳಿಗೆ ರಾಕೆಟ್ಟಿನ ಹುಚ್ಚು. ಈ ತಿಂಗಳು ಶಾಲೆ ಶುರುವಾದ ಕೂಡಲೇ ಇವಳು ತರಗತಿಯಲ್ಲಿ ಎದ್ದು ನಿಂತು ತನ್ನ ಬಿರುದಿನ ಕಥೆ ಹೇಳಿದ್ದಾಳೆ. ಟೀಚರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅಮೆರಿಕದ ರಾಕೆಟ್ಟುಗಳ ಪುಸ್ತಕ ತರಿಸಿ ವ್ಯಾನ್‌ಗಾರ್ಡಿನ ಪುಟ ತೆಗೆದಿದ್ದಾರೆ. ಪುಟದ ತುಂಬ ಬೆಂಕಿ. 1957ರ ಡಿಸೆಂಬರ್. ರಷ್ಯದವರ ಸ್ಪುಟ್ನಿಕ್ಕಿಗೆ ಉತ್ತರ ಕೊಡುತ್ತೇವೆಂದು ಅಮೆರಿಕದವರು ಲೋಕವನ್ನೆಲ್ಲ ಕರೆದು ಕೂರಿಸಿ ಹಾರಿಸಿದ ವ್ಯಾನ್‌ಗಾರ್ಡ್ ನೆಲದಿಂದ ನಾಲ್ಕಡಿ ಎದ್ದು, ಕುಸಿದು, ಸುಟ್ಟುಹೋಯಿತು. ತರಗತಿಯ ಮಕ್ಕಳೆಲ್ಲ ನಕ್ಕರಂತೆ.

ಅವತ್ತು ಸಂಜೆ ಅವಳು ನನ್ನ ಎದುರಿಗೆ ನಿಂತು, "ಡ್ಯಾಡ್, ಡಿಡ್ ತಾತ ನೋ?" ಎಂದಳು. ತಾತನಿಗೆ ಗೊತ್ತಿತ್ತೇ ಎಂದು.

ಏನು ಹೇಳಲಿ? ನಂಬರ್ ಒನ್ ನಾನೇ ಎಂದು ಹೇಳಲೇ? ನನಗಾಗ ಹನ್ನೊಂದು ವರ್ಷ. ಮೈಸೂರಿನಲ್ಲಿ ನೀವು ಹೆಡ್‌ಮಾಸ್ಟರಾಗಿದ್ದ ಶಾಲೆಯ ವಾರ್ಷಿಕೋತ್ಸವ. ಕೃತಕ ಉಪಗ್ರಹಗಳ ಬಗ್ಗೆ ಭಾಷಣ ಮಾಡಲು ನನ್ನನ್ನು ವೇದಿಕೆಗೆ ಹತ್ತಿಸಿದಿರಿ. ಮೊದಲ ವಾಕ್ಯದಲ್ಲೇ ನನ್ನ ನಾಲಿಗೆ ನಿಂತುಹೋಯಿತು. ನೀವು ಮೈಕಿನ ಹತ್ತಿರ ಬಂದು, "ಇದು ನಮ್ಮನೆ ವ್ಯಾನ್‌ಗಾರ್ಡು. ನಾಲ್ಕಡಿ ಹಾರ್ತು, ಢಂ ಅಂತು!" ಅಂದಿರಿ. ಪೇಪರಿನಲ್ಲಿ ಆ ಚಿತ್ರ ಆಗತಾನೇ ಬಂದಿತ್ತು. ಪೆಂಡಾಲಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಇಪ್ಪತ್ತೆರಡು ವರ್ಷ ನಾನು ಆ ಹೆಸರಿಗೆ ಓಗೊಟ್ಟಿದ್ದೇನೆ. ಮದುವೆಯಲ್ಲಿ ಸುಲೋಚನಾಳ ಕಡೆಯವರಿಗೆ ನೀವು ನನ್ನ ಪರಿಚಯ ಮಾಡಿಸಿದ್ದೂ ಅದೇ ಹೆಸರಿನಿಂದ. ಆಗಲೂ ಹಲ್ಲು ಕಿರಿದು ಸುಮ್ಮನಿದ್ದೆ.

ನನ್ನ ಮಗಳಿಗೆ ಅದು ಬೇಡ. ಇನ್ನೊಮ್ಮೆ ಆ ಮಾತು ಅವಳ ಕಿವಿಗೆ ಬಿದ್ದರೆ ನೀವು ಈ ಮನೆಯ ಹೊಸ್ತಿಲು ತುಳಿಯುವುದು ಬೇಡ. ಅವಳಲ್ಲಿ ಕ್ಷಮೆ ಕೇಳಿ. ನನಗೂ ಇನ್ನು ಮೇಲೆ ಹೆಸರು ಹಿಡಿದು ಬರೆಯಿರಿ.

ನಿಮ್ಮ ಎರಡನೆಯ ಮಗ,
ಉಮಾಕಾಂತ


ಬ್ರಿಸ್ಬೇನ್
5 ಮಾರ್ಚ್ 1980

ಚಿ. ವ್ಯಾನ್‌ಗಾರ್ಡನಿಗೆ,

ಬ್ರಿಸ್ಬೇನಿನ ಸೆಖೆಯಲ್ಲಿ ಬೆಂದು ಕೂತಿರುವ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಪತ್ರ ಬಂತು. ಕವರು ಒಡೆದರೆ ಹೊಗೆ ಬಂತು. ಅಬ್ಬಬ್ಬಾ, ಏನು ಪ್ರತಾಪ! ಒಂದು ತಮಾಷೆಗೆ ಇಷ್ಟು ರಂಪವೇ? ನಮ್ಮಪ್ಪ ನನ್ನನ್ನು ಬದುಕಿರುವಷ್ಟು ದಿನ ಕತ್ತೆ ಎಂದರು. ನಾನು ನಿನಗೆ ಅಮೆರಿಕದ ರಾಕೆಟ್ಟಿನ ಹೆಸರಿಟ್ಟೆ. ಎರಡರಲ್ಲಿ ಯಾವುದು ಮೇಲು, ನೀನೇ ಹೇಳು. ಆ ಚಳಿಗಾಲ ಕಳೆಯುವುದರೊಳಗೆ ಅಮೆರಿಕದವರ ಎಕ್ಸ್‌ಪ್ಲೋರರ್ ಉಪಗ್ರಹ ಮೇಲೆ ಹೋಯಿತು, ನಿಮ್ಮಣ್ಣ ಚಂದ್ರಮೌಳಿ ಶಾಲೆಗೇ ಮೊದಲನೆಯವನಾದ. ಅವನನ್ನು ಎಕ್ಸ್‌ಪ್ಲೋರರ್ ಎಂದು ಕರೆದೆ. ಅವನು ಒಂದು ದಿನವಾದರೂ ಮೂತಿ ಊದಿಸಿಕೊಂಡನೇ?

ಹೆಸರಿಟ್ಟು ಕೆಣಕಿದ್ದರಿಂದಲೇ ನೀನು ಹಟ ಹಿಡಿದು ಓದಿದೆ, ಡಾಕ್ಟರಾದೆ. ಇಲ್ಲದಿದ್ದರೆ ಅಮ್ಮನ ಸೆರಗು ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ನೀನೀಗ ಅದೇ ತಪ್ಪನ್ನು ಮಗಳ ವಿಷಯದಲ್ಲಿ ಮಾಡುತ್ತಿದ್ದೀಯ. ಮಕ್ಕಳನ್ನು ಹತ್ತಿಯಲ್ಲಿ ಸುತ್ತಿಟ್ಟು ಬೆಳೆಸಿದರೆ ನಾಳೆ ಏಣಿ ಕಂಡರೂ ಅಳುತ್ತಾರೆ.

ಕ್ಷಮೆಯಂತೆ, ಕ್ಷಮೆ! ಎಪ್ಪತ್ತರ ಹತ್ತಿರ ಬಂದಿರುವ ನಾನು ಮೂರನೆಯ ಕ್ಲಾಸಿನ ಹುಡುಗಿಯ ಕ್ಷಮೆ ಕೇಳಬೇಕು. ಚೆನ್ನಾಗಿದೆ.

ಈಗ ಮುಖ್ಯ ವಿಷಯ. ಚಂದ್ರಮೌಳಿಗೆ ಎಡಿನ್‌ಬರೋದ ಆಸ್ಪತ್ರೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಆಗಸ್ಟ್ ಕೊನೆಗೆ ಸಂಸಾರ ಸಮೇತ ಹೊರಡುತ್ತಾನೆ. ನನ್ನನ್ನು ಕರೆದುಕೊಂಡು ಹೋಗುವ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನ ತಂಗಿ ಅಹಲ್ಯಾ ಅಡಿಲೇಡಿನಲ್ಲಿ ಆಸ್ಪತ್ರೆಯವರು ಕೊಟ್ಟ ಒಂದು ಕೋಣೆಯಲ್ಲಿದ್ದಾಳೆ. ಹಾಗಾಗಿ ನಾನು ನಿಮ್ಮಲ್ಲಿಗೆ ಬರುತ್ತೇನೆ. ಹಿತ್ತಿಲ ಕಡೆಯ ರೂಮನ್ನು ಖಾಲಿ ಮಾಡಿಸು. ಹೊಸ್ತಿಲ ವಿಷಯ ಬಂದ ಮೇಲೆ ನೋಡಿಕೊಳ್ಳೋಣ.

ಇತಿ,
ಅಪ್ಪ


ಅಡಿಲೇಡ್
16 ಮಾರ್ಚ್ 1980

ಉಮಣ್ಣ,

ನೀನು ಅಪ್ಪನಿಗೆ ಬರೆದ ಪತ್ರವನ್ನು ಅಪ್ಪ ನನಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದರು. ಅಪ್ಪ ನಿನಗೆ ಬರೆದ ಪತ್ರವನ್ನು ನೀನು ಓದಿ ಹೇಳಿದೆ. ಇಬ್ಬರೂ ಕೊನೆಗೆ "ಏನಂತೀಯ?" ಎಂದಿರಿ. ನಾನು ಏನೂ ಅನ್ನುವುದಿಲ್ಲ. ನಾನು ಅರಿವಳಿಕೆಯ ಡಾಕ್ಟರು, ದಿನವಿಡೀ ಜನರಿಗೆ ನಿದ್ದೆ ಬರಿಸುವುದು ನನ್ನ ಕೆಲಸ. ನಿಮ್ಮಿಬ್ಬರನ್ನೂ ಮಂಚದ ಮೇಲೆ ಮಲಗಿಸಿ ಒಂದೊಂದು ಇಂಜೆಕ್ಷನ್ ಚುಚ್ಚೋಣ ಅನ್ನಿಸುತ್ತಿದೆ.

ನಿನಗೊಂದು ರಾಕೆಟ್ಟಿನ ಹೆಸರು, ಚಂದ್ರಣ್ಣನಿಗೊಂದು ರಾಕೆಟ್ಟಿನ ಹೆಸರು. ನನಗೆ? ನನ್ನನ್ನು ಯಾರೂ ಹಾರಿಸಲೂ ಇಲ್ಲ, ಬೀಳಿಸಲೂ ಇಲ್ಲ. ನಾನು ಲಾಂಚ್ ಪ್ಯಾಡು. ಹೋಗುವವರು ಬರುವವರು ಎಲ್ಲರೂ ನನ್ನ ಮೇಲೆ ನಿಂತೇ ಬೆಂಕಿ ಕಾರುತ್ತಾರೆ. ಇದನ್ನು ಒಂದು ಸಲ ಯಾರಿಗಾದರೂ ಹೇಳಬೇಕಿತ್ತು, ನಿನಗೆ ಹೇಳಿದ್ದೇನೆ.

ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಕೇಳಬೇಕು. ಅಪ್ಪ ಇಟ್ಟ ಹೆಸರು ಅಮ್ಮನ ಬಾಯಲ್ಲಿ ಏನಾಯಿತು, ನೆನಪಿದೆಯಾ? ಅಮ್ಮನಿಗೆ ವ್ಯಾನೂ ಗೊತ್ತಿಲ್ಲ, ಅಮೆರಿಕವೂ ಗೊತ್ತಿಲ್ಲ. ಅವಳಿಗೆ ಕೇಳಿಸಿದ್ದು 'ಗಾರ್ಡು'. ರೈಲ್ವೆ ಗಾರ್ಡು! ಬಿಳಿ ಪ್ಯಾಂಟು ಹಾಕಿಕೊಂಡು ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸುವವನು. ಅವನು ಬೀಸದೆ ಅಷ್ಟುದ್ದದ ರೈಲು ಒಂದು ಹೆಜ್ಜೆ ಇಡುವಂತಿಲ್ಲ. ಹೂವಿನವಳ ಹತ್ತಿರ ಅವಳು ಹೇಳುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ: "ನಮ್ಮ ಯಜಮಾನ್ರು ಚಿಕ್ಕೋನನ್ನ ಗಾರ್ಡು ಅಂತಾರಮ್ಮ. ಮುಂದೆ ಆಗೇ ಆಗ್ತಾನೆ, ನೋಡ್ತಿರು." ನೀನು ಮೆಡಿಕಲ್ ಸೇರಿದಾಗ ಅವಳಿಗೆ ಒಳಗೊಳಗೇ ಸ್ವಲ್ಪ ಬೇಜಾರಾಗಿತ್ತು. ಸಾಯುವ ಹಿಂದಿನ ದಿನವೂ "ಗಾರ್ಡು ಊಟ ಮಾಡಿದ್ನಾ?" ಎಂದೇ ಕೇಳಿದಳು.

ಅಪ್ಪ ಕೂಗಿದರೂ ಅಮ್ಮ ಕೂಗಿದರೂ ನಿನ್ನ ಕಿವಿಗೆ ಬೀಳುತ್ತಿದ್ದದ್ದು ಒಂದೇ ಸದ್ದು. ನೀನು ಅಷ್ಟು ವರ್ಷ ಸುಮ್ಮನಿದ್ದದ್ದು ಅದಕ್ಕೇ ಇರಬೇಕು. ಹಾಗಿದ್ದರೆ ನನಗೆ ಹೇಳಬೇಡ. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಅಳುವುದನ್ನು ನೋಡಲು ಇಲ್ಲಿ ಬೇಕಾದಷ್ಟು ಜನರಿದ್ದಾರೆ.

ಆಗಸ್ಟಿನ ಮಾತು. ಚಂದ್ರಣ್ಣ ನನಗೂ ಫೋನು ಮಾಡಿದ್ದ. "ಅಪ್ಪ ಉಮಾ ಹತ್ರ ಇರ್ಲಿ, ಅವನಿಗೆ ಅಭ್ಯಾಸ ಇದೆ" ಎಂದ. ಏನು ಅಭ್ಯಾಸ ಎಂದು ನಾನು ಕೇಳಲಿಲ್ಲ. ನೀನು ಬೇಡ ಎಂದರೆ ಅಪ್ಪ ಎಲ್ಲಿಗೆ ಹೋಗುತ್ತಾರೆ? ಮೈಸೂರಿನ ಬಾಡಿಗೆ ಮನೆ ಬಿಟ್ಟು ಯಾವ ಕಾಲವಾಯಿತು. ನೀನು ಹೂಂ ಎನ್ನು ಎಂದು ನಾನು ಒತ್ತಾಯ ಮಾಡುತ್ತಿಲ್ಲ. ಉತ್ತರವನ್ನು ಅಪ್ಪನಿಗೇ ಬರೆ, ನನ್ನ ಮೂಲಕ ಕಳಿಸಬೇಡ.

ಅಹಲ್ಯಾ


ಕ್ಯಾನಿಂಗ್ಟನ್, ಪರ್ತ್
20 ಏಪ್ರಿಲ್ 1980

ಅಪ್ಪನವರಿಗೆ,

ನಿಮ್ಮ ಪತ್ರ ಬಂದು ಒಂದೂವರೆ ತಿಂಗಳಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ತಡೆದಿದ್ದೆ. ಅಷ್ಟರಲ್ಲಿ ಇನ್ನೊಂದು ವಿಷಯ ತಿಳಿದು, ಇದ್ದ ಸಿಟ್ಟಿಗೆ ಇನ್ನಷ್ಟು ಸೇರಿತು.

ಇಂದಿರಾ ಆ ರಾಕೆಟ್ ಪುಸ್ತಕವನ್ನು ಲೈಬ್ರರಿಯಿಂದ ಮನೆಗೆ ತಂದಿದ್ದಳು. ತಂದವಳು ಮುಟ್ಟಲಿಲ್ಲ, ಸೋಫಾದ ಕೆಳಗೆ ತಳ್ಳಿದ್ದಳು. ಹಿಂತಿರುಗಿಸುವ ದಿನ ನಾನು ಎತ್ತಿಕೊಂಡು ಸುಮ್ಮನೆ ಪುಟ ತಿರುವಿದೆ. ಬೆಂಕಿಯ ಚಿತ್ರದ ಮುಂದಿನ ಪುಟವನ್ನು ಆ ಟೀಚರು ಮಕ್ಕಳಿಗೆ ತೋರಿಸಿಲ್ಲ. ನೀವೂ ನನಗೆ ತೋರಿಸಿಲ್ಲ.

ಆ ರಾಕೆಟ್ಟು ಸುಟ್ಟುಬಿದ್ದಾಗ ಅದರ ಮೂತಿಯಲ್ಲಿದ್ದ ಪುಟ್ಟ ಉಪಗ್ರಹ ಸುಡಲಿಲ್ಲವಂತೆ. ಸಿಡಿದು ದೂರ ಬಿದ್ದು, ನೆಲದ ಮೇಲೆಯೇ ಬೀಪ್ ಬೀಪ್ ಎಂದು ಕೂಗುತ್ತಿತ್ತಂತೆ. ಮುಂದಿನ ವರ್ಷ ಮಾರ್ಚ್ ಹದಿನೇಳಕ್ಕೆ ಇನ್ನೊಂದು ವ್ಯಾನ್‌ಗಾರ್ಡ್ ಹಾರಿತು. ಯಾವ ತೊಂದರೆಯೂ ಇಲ್ಲದೆ ಮೇಲೆ ಹೋಯಿತು. ಈಗಲೂ ಮೇಲೆಯೇ ಇದೆ. ಸ್ಪುಟ್ನಿಕ್ ಬಿದ್ದುಹೋಯಿತು, ಎಕ್ಸ್‌ಪ್ಲೋರರ್ ಹತ್ತು ವರ್ಷದ ಹಿಂದೆ ಉರಿದುಹೋಯಿತು. ಮನುಷ್ಯರು ಹಾರಿಸಿದವುಗಳಲ್ಲಿ ಮೇಲೆ ಉಳಿದಿರುವ ಅತ್ಯಂತ ಹಳೆಯದು ಅದೇ. ಇನ್ನೂ ನೂರಾರು ವರ್ಷ ಸುತ್ತುತ್ತದಂತೆ.

ನನಗೆ ಇದು ಈ ವಯಸ್ಸಿನಲ್ಲಿ, ಮಗಳ ಲೈಬ್ರರಿ ಪುಸ್ತಕದಿಂದ ಗೊತ್ತಾಗಬೇಕೇ? ನೀವು ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಪೇಪರು ಬರುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ. ಮಾರ್ಚಿನ ಆ ಸುದ್ದಿ ನಿಮ್ಮ ಕಣ್ಣಿಗೆ ಬೀಳದೆ ಹೋಯಿತು ಎಂದರೆ ನಾನು ನಂಬುವುದಿಲ್ಲ. ಮೂರು ತಿಂಗಳು ಅದು ಜಗತ್ತಿಗೆಲ್ಲ ನಗೆಪಾಟಲಿನ ಹೆಸರಾಗಿತ್ತು, ಒಪ್ಪುತ್ತೇನೆ. ಆಮೇಲೂ ಅದು ಬೈಗುಳವಾಗಿ ಉಳಿದದ್ದು ನಮ್ಮ ಮನೆಯಲ್ಲಿ ಮಾತ್ರ. ಒಂದು ಸಲ, ಒಂದೇ ಸಲ, ಊಟಕ್ಕೆ ಕೂತಾಗ "ಲೋ, ನಿನ್ ರಾಕೆಟ್ಟು ಹಾರ್ತು ಕಣೋ" ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಈಗ ಜಾಣತನದಿಂದ 'ನೋಡು, ಕೊನೆಗೆ ಉಳಿದದ್ದು ನೀನೇ' ಎಂದು ಬರೆಯಬೇಡಿ. ನನಗೆ ಚಂದ್ರಣ್ಣನ ಮೇಲೆ ಗೆಲ್ಲುವುದು ಬೇಕಿಲ್ಲ. ಮೇಲೆ ಸುತ್ತುವ ಯಾವ ಡಬ್ಬವೂ ನಾನಲ್ಲ. ಇಲ್ಲಿಯ ನನ್ನ ರೋಗಿಗಳಿಗೆ ಉಮಾಕಾಂತ ಎನ್ನಲು ಬರುವುದಿಲ್ಲ, 'ಡಾಕ್ಟರ್ ಕಾಂತ್' ಎನ್ನುತ್ತಾರೆ. ಅವರು ಮುರಿದುಕೊಂಡದ್ದು ನನ್ನದೇ ಹೆಸರಿನ ಒಂದು ತುಂಡು.

"ವಯಸ್ಸಾದೋರು, ಬಿಟ್ಬಿಡ್ರೀ" ಎನ್ನುತ್ತಿದ್ದ ಸುಲೋಚನಾ ಕೂಡ ಈಗ ಸುಮ್ಮನಾಗಿದ್ದಾಳೆ. ಮೊನ್ನೆ ಬಟ್ಟೆ ಒಗೆಯುವಾಗ ಇಂದಿರಾಳ ಟೋಪಿ ನೋಡಿದಳು. ಒಳಗೆ ಬರೆದದ್ದನ್ನು ಮಗು ಉಜ್ಜಿ ಉಜ್ಜಿ, ಹೋಗದೆ, ಕತ್ತರಿಯಿಂದ ಕೆರೆದು ತೂತು ಮಾಡಿಕೊಂಡಿದ್ದಾಳೆ.

ರೂಮು ಖಾಲಿ ಇದೆ. ಆದರೆ ರೂಮಿನ ಮಾತು ಆಮೇಲೆ. ಮೊದಲು ಇಂದಿರಾಳಿಗೆ ಫೋನು ಮಾಡಿ, ಹೆಸರು ಹಿಡಿದು ಕರೆದು ಮಾತಾಡಿ. ಅಲ್ಲಿಯವರೆಗೆ ನೀವು ಇಲ್ಲಿಗೆ ಬರುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಉಮಾಕಾಂತ


ಬ್ರಿಸ್ಬೇನ್
11 ಮೇ 1980

ಶ್ರೀಮಾನ್ ಡಾಕ್ಟರ್ ಸಾಹೇಬರಿಗೆ,

ಓದಿದ್ದೆ. ಸಂತೋಷವಾಯಿತೇ? ಮಾರ್ಚ್ ತಿಂಗಳ ಆ ಪೇಪರನ್ನು ಓದಿದ್ದೆ, ಕತ್ತರಿಸಿ ಶಾಲೆಯ ನೋಟೀಸ್ ಬೋರ್ಡಿಗೂ ಹಚ್ಚಿದ್ದೆ. ಹತ್ತನೆಯ ತರಗತಿಗೆ ಬೋರ್ಡಿನ ಮೇಲೆ ಕಕ್ಷೆಯ ಚಿತ್ರ ಬರೆದು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದ್ದೆ. ಮನೆಯಲ್ಲಿ ಹೇಳುವುದೇನಿತ್ತು? ಅಷ್ಟು ಹೊತ್ತಿಗೆ ಹೆಸರು ಅಂಟಿಕೊಂಡಿತ್ತು. ಕರೆದರೆ ನೀನು ಬರುತ್ತಿದ್ದೆ. ಅರ್ಥ ಯಾರಿಗೆ ಬೇಕಿತ್ತು?

ಪುಸ್ತಕ ಓದುವವನು ಪೂರ್ತಿ ಓದಬೇಕು. ನಿನ್ನ ವ್ಯಾನ್‌ಗಾರ್ಡ್ ಮೇಲಿರುವುದು ನಿಜ. ಆದರೆ 1964ರಲ್ಲಿ ಅದರ ರೇಡಿಯೋ ನಿಂತುಹೋಯಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಸುತ್ತುತ್ತಿದೆ. ನೀನೂ ಹಾಗೆಯೇ. ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರಿಗೇ ಸುತ್ತಿದೆ. ಒಂದು ದಿನವಾದರೂ ಬಾಯಿ ಬಿಟ್ಟು "ಬೇಡಪ್ಪ, ನೋವಾಗುತ್ತೆ" ಎಂದೆಯಾ? ನಿನ್ನ ಹೊಟ್ಟೆಯೊಳಗಿನದು ನನಗೆ ಹೇಗೆ ತಿಳಿಯಬೇಕು? ನಾನೇನು ಟ್ರ್ಯಾಕಿಂಗ್ ಸ್ಟೇಷನ್ನೇ?

ಈಗ ಪರದೇಶದಲ್ಲಿ ಮನೆ ಕಟ್ಟಿಕೊಂಡು, ಕಾರು ಇಟ್ಟುಕೊಂಡು, ಹೆತ್ತ ಅಪ್ಪನಿಗೆ ಷರತ್ತು ಹಾಕುತ್ತೀಯ. ಭೇಷ್.

ನನಗೆ ಯಾರ ರೂಮೂ ಬೇಡ. ಆಗಸ್ಟಿಗೆ ಮೈಸೂರಿಗೆ ಹೋಗುತ್ತೇನೆ. ಸ್ಟೇಷನ್ ಹತ್ತಿರ ಒಂದು ಲಾಡ್ಜಿನಲ್ಲಿರುತ್ತೇನೆ, ಹೋಟೆಲಿನಲ್ಲಿ ಉಂಡುಕೊಳ್ಳುತ್ತೇನೆ. ಸತ್ತರೆ ಲಾಡ್ಜಿನವರು ತಂತಿ ಕಳಿಸುತ್ತಾರೆ.

ನಿನ್ನ ವಿಧೇಯ,
ಅಪ್ಪ


ಅಡಿಲೇಡ್
8 ಜೂನ್ 1980

ಅಪ್ಪ,

ಲಾಡ್ಜಿನ ಕಥೆ ನನ್ನ ಹತ್ತಿರ ನಡೆಯುವುದಿಲ್ಲ. ಚಂದ್ರಣ್ಣ ಹೆದರಿ ಫೋನು ಮಾಡಿದ್ದ. "ಅಪ್ಪ ಸತ್ರೆ ಅನ್ನೋ ಮಾತೆಲ್ಲ ಆಡ್ತಿದಾರೆ ಕಣೇ" ಎಂದ. ಸಾಯುವವರು ಒಗೆದ ಷರ್ಟಿಗೆ ಗಂಜಿ ಸಾಲದು ಎಂದು ಸೊಸೆಯ ಹತ್ತಿರ ಜಗಳ ಆಡುವುದಿಲ್ಲ ಎಂದೆ.

ನಾನು ಇಷ್ಟು ದಿನ ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯಿಂದ ಯಾರಿಗೂ ಒಳ್ಳೆಯದಾಗಿಲ್ಲ. ಆದ್ದರಿಂದ ಕೇಳಿ.

ಆ ವಾರ್ಷಿಕೋತ್ಸವದ ದಿನ ನಾನು ವೇದಿಕೆಯ ಪರದೆಯ ಹಿಂದೆ ನಿಂತಿದ್ದೆ. ಉಮಣ್ಣ ಮರೆತರೆ ಹೇಳಿಕೊಡಲಿ ಎಂದು ನೀವೇ ಭಾಷಣದ ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದಿರಿ. ಆ ಭಾಷಣ ಬರೆದವರು ಯಾರು? ನೀವು. ಹನ್ನೊಂದು ವರ್ಷದ ಹುಡುಗನ ಬಾಯಿಗೆ ನೀವು ಬರೆದುಕೊಟ್ಟ ಮೊದಲ ವಾಕ್ಯ ಇದು: 'ಸಭಿಕರೇ, ಭೂಪರಿಭ್ರಮಣೋದ್ಯುಕ್ತವಾದ ಕೃತಕೋಪಗ್ರಹದ ಉಡ್ಡಯನವು ಈ ಶತಮಾನದ ಮಹಾದ್ಭುತ.' 'ಭೂಮಿ ಸುತ್ತುವ ಉಪಗ್ರಹ' ಎಂದಿದ್ದರೆ ನಿಮ್ಮ ಬಿ.ಟಿ. ಡಿಗ್ರಿ ವಾಪಸ್ ತೆಗೆದುಕೊಳ್ಳುತ್ತಿದ್ದರೇ?

ಮನೆಯಲ್ಲಿ ಅಭ್ಯಾಸ ಮಾಡುವಾಗ ಅವನು ಆ ಪದವನ್ನು 'ಕೃತ ಕೋಪಗ್ರಹ' ಎಂದು ಓದಿದ. ಯಾರಾದರೂ ಹಾಗೆಯೇ ಓದುತ್ತಾರೆ, ನಾನೂ ಹಾಗೆಯೇ ಓದಿದ್ದೆ. ಕೋಪ ಮಾಡಿಕೊಂಡ ಗ್ರಹ ಎಂದು ಅವನು ಅರ್ಥವನ್ನೂ ಹೇಳಿದ, ಶನಿಯಂಥದ್ದು ಎಂದ. ನೀವು ಅವನ ಕಿವಿ ಹಿಂಡಿ, "ಕೃತಕ ಪ್ಲಸ್ ಉಪಗ್ರಹ! ಗುಣಸಂಧಿ! ಎಲ್ಲಿ ಬಿಡಿಸ್ಬೇಕು ಅಂತ ಗೊತ್ತಾಗಲ್ವೇನೋ?" ಎಂದಿರಿ. ಮತ್ತೆ ಕೋಪಗ್ರಹ ಎಂದ. ಮತ್ತೆ ಕಿವಿ. ಮಲಗುವವರೆಗೂ ಅದೇ ನಡೆಯಿತು.

ವೇದಿಕೆಯ ಮೇಲೆ ಅವನು ಏನನ್ನೂ ಮರೆತಿರಲಿಲ್ಲ ಅಪ್ಪ. 'ಕೃತ' ಎನ್ನುವಲ್ಲಿಗೆ ಬಂದು, ಎಲ್ಲಿ ಬಿಡಿಸುವುದೋ ಎಂದು ಹೆದರಿ ನಿಂತ. ನನ್ನ ಕಡೆ ನೋಡಿದ. ನನಗೂ ಬಾಯಿ ಬರಲಿಲ್ಲ, ನನ್ನ ಕಿವಿಯೂ ಅಲ್ಲೇ ಹತ್ತಿರದಲ್ಲಿತ್ತಲ್ಲ. ಆಗ ನೀವು ಮೈಕು ಹಿಡಿದಿರಿ.

ಅಮೆರಿಕದ ರಾಕೆಟ್ಟು ಬಿದ್ದಾಗ ಅದನ್ನು ಕಟ್ಟಿದವರು ಪಕ್ಕದಲ್ಲಿ ನಿಂತು ನಗಲಿಲ್ಲ. ಎಂಜಿನ್ನಿನಲ್ಲಿ ಏನು ಕೆಟ್ಟಿತು ಎಂದು ಹುಡುಕಿದರು. ನಿಮ್ಮ ರಾಕೆಟ್ಟಿನ ಎಂಜಿನ್ ನಿಮ್ಮದೇ. ನೀವು ಮೈಕಿನಲ್ಲಿ ಹೇಳಿದ್ದು ರಾಕೆಟ್ಟಿನ ಹೆಸರನ್ನು ಮಾತ್ರ.

ಉಮಣ್ಣನಿಗೆ ಈ ಪದ ನೆನಪಿಲ್ಲ. ತಾನು ಭಾಷಣ ಮರೆತೆ ಎಂದೇ ಅವನು ಇವತ್ತಿಗೂ ತಿಳಿದಿದ್ದಾನೆ. ನಾನು ಅವನಿಗೂ ಬರೆಯುತ್ತೇನೆ. ಅದಕ್ಕೆ ಮೊದಲು ನಿಮಗೆ ಬರೆಯಬೇಕು ಅನ್ನಿಸಿತು.

ಇಂದಿರಾಳಿಗೆ ಫೋನು ಮಾಡಿ. ಮಾಡದಿದ್ದರೆ ಮೈಸೂರಿಗೆ ಹೋಗಿ, ನಾನು ತಡೆಯುವುದಿಲ್ಲ. ಏರ್‌ಪೋರ್ಟಿಗೂ ಬರುವುದಿಲ್ಲ.

ಅಹಲ್ಯಾ


ಬ್ರಿಸ್ಬೇನ್
20 ಜುಲೈ 1980

ಉಮಾಕಾಂತನಿಗೆ,

ಅಹಲ್ಯಾ ನನಗೊಂದು ಪತ್ರ ಬರೆದಿದ್ದಾಳೆ. ನಿನಗೂ ಬರೆದಿರುತ್ತಾಳೆ. ಅದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಆಗಲಿಲ್ಲ. ಅದು ಗುಣಸಂಧಿಯೇ, ಅದರಲ್ಲಿ ನನ್ನ ತಪ್ಪಿಲ್ಲ. ಉಳಿದ ವಿಷಯ ಈಗ ಬೇಡ.

ಹೋದ ಭಾನುವಾರ ಮಧ್ಯಾಹ್ನ ಫೋನು ಮಾಡಿದೆ. ನೀನು ಕ್ಲಿನಿಕ್ಕಿಗೆ ಹೋಗಿದ್ದೆಯಂತೆ, ಸುಲೋಚನಾ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಇಂದಿರಾ ಎತ್ತಿಕೊಂಡು ಹಲೋ ಎಂದಳು. ನನ್ನ ಬಾಯಿಂದ ಅದೇ ಮಾತು ಬಂದುಬಿಟ್ಟಿತು. ಬೇಕೆಂದು ಅಲ್ಲ, ನೀನು ನಂಬುತ್ತೀಯೋ ಇಲ್ಲವೋ. ಹೆಸರು ಹೇಳಬೇಕು ಎಂದು ಬೆಳಗಿನಿಂದ ಅಂದುಕೊಂಡೇ ಇದ್ದೆ.

ಅವಳು, "ರಾಂಗ್ ನಂಬರ್, ತಾತ" ಎಂದು ಫೋನು ಇಟ್ಟಳು.

ರಾಂಗ್ ನಂಬರಂತೆ, ತಾತ ಅಂತೆ! ಎರಡೂ ಒಟ್ಟಿಗೆ ಹೇಗಾಗುತ್ತದೆ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ಹೆಡ್‌ಮಾಸ್ಟರಾಗಿದ್ದೆ, ನಾನು ಮಾತಾಡುವಾಗ ಬೆನ್ನು ತಿರುಗಿಸಿದ ಒಂದು ಮಗುವನ್ನೂ ನೋಡಿರಲಿಲ್ಲ. ಸರಿಯಾಗಿ ಬೈಯಬೇಕೆಂದು ಮತ್ತೆ ನಂಬರು ತಿರುಗಿಸಿದೆ.

"ಹೂ ಈಸ್ ಇಟ್?" ಎಂದಳು.

"ತಾತ."

"ವಿಚ್ ತಾತ?"

ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ನನಗೂ ಗೊತ್ತು. ಬೈಯಲು ಬಾಯಿ ತೆರೆದವನು, "ಮಹಾಬಲೇಶ್ವರ" ಎಂದೆ. ಆ ಹೆಸರನ್ನು ನಾನು ಬಾಯಿಂದ ಹೇಳಿ ಎಷ್ಟು ಕಾಲವಾಗಿತ್ತೋ. ಊರವರು ಸಾರ್ ಎಂದರು, ನೀವು ಅಪ್ಪ ಎಂದಿರಿ, ನಿಮ್ಮಮ್ಮ ಅಂತೂ ಹೇಳುವ ಹಾಗೇ ಇರಲಿಲ್ಲ.

"ಹೂ ಡು ಯು ವಾಂಟ್?"

"ಇಂದಿರಾ ಬೇಕು."

"ಸ್ಪೀಕಿಂಗ್" ಎಂದಳು.

ಅಲ್ಲಿಗೆ ನನ್ನ ಮಾತು ನಿಂತುಹೋಯಿತು. ಹೇಳಬೇಕಾದ್ದೆಲ್ಲ ಇತ್ತು. ಇಂಗ್ಲಿಷಿನಲ್ಲಿ ಹೇಳುವುದೋ ಕನ್ನಡದಲ್ಲಿ ಹೇಳುವುದೋ, ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಫೋನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಚಂದ್ರಮೌಳಿ ಪಕ್ಕದ ರೂಮಿನಿಂದ ಬಂದು ಏನಾಯಿತು ಎಂದು ನೋಡಿ ಹೋದ. ಅವಳು ಕಾದಳು. ಫೋನು ಇಡಲಿಲ್ಲ. ನಗಲಿಲ್ಲ.

ಕೊನೆಗೆ ನಾನು, "ನಾನು ನಿಮ್ಮನೆಗೆ ಬರ್ಬೋದಾ?" ಎಂದು ಕೇಳಿದೆ.

"ಐ ವಿಲ್ ಆಸ್ಕ್ ಡ್ಯಾಡ್" ಎಂದಳು.

ವಾರವಾಯಿತು. ಚಂದ್ರಮೌಳಿ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದಾನೆ. ಮೈಸೂರಿನ ಟಿಕೆಟ್ ಮಾಡಿಸಬೇಕೋ ಬೇಡವೋ ಎಂದು ದಿನಾ ಕೇಳುತ್ತಾನೆ. ಅವಳು ನಿನ್ನನ್ನು ಕೇಳಿದಳೇ?

ಅಪ್ಪ


ಕ್ಯಾನಿಂಗ್ಟನ್, ಪರ್ತ್
27 ಜುಲೈ 1980

ಅಪ್ಪನವರಿಗೆ,

ಕೇಳಿದಳು. ನಾನು ಕ್ಲಿನಿಕ್ಕಿನಿಂದ ಬಂದು ಷೂ ಬಿಚ್ಚುವ ಮೊದಲೇ ಕೇಳಿದಳು.

ಅಹಲ್ಯಾಳ ಪತ್ರ ನನಗೂ ಬಂದಿದೆ. ಓದಿದೆ. ನನ್ನ ಸಿಟ್ಟು ಹೋಗಿಲ್ಲ. ನೀವು ಬಂದರೂ ಅದು ಈ ಮನೆಯಲ್ಲೇ ಇರುತ್ತದೆ, ನಿಮ್ಮ ಜೊತೆಯಲ್ಲೇ ಊಟಕ್ಕೆ ಕೂರುತ್ತದೆ. ಅದನ್ನು ತಿಳಿದೇ ಬರಬೇಕು.

ಆದರೆ ಅದು ನನ್ನ ಲೆಕ್ಕ. ಅವಳದು ಬೇರೆ. ಅದಕ್ಕೇ ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ತಾತ ಕೇಳಿದ್ದು ನಿನ್ನನ್ನ. ನೀನೇ ಹೇಳಮ್ಮ" ಎಂದೆ.

ಯೋಚನೆ ಮಾಡಿ ಹೇಳುತ್ತೇನೆ ಎಂದಳು. ಇನ್ನೂ ಹೇಳಿಲ್ಲ. ಕಾಯಿರಿ.

ಉಮಾಕಾಂತ